ನೋಯದ ಭುಜ

ಅಧ್ಯಕ್ಷತೆ ವಹಿಸಿರುವ ಮುಖ್ಯ ವೈದ್ಯರೇ, ವೇದಿಕೆಯ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಫಿಸಿಯೋ ಮೇಡಂ ಅವರೇ, ಒಮ್ಮೆಯಾದರೂ ನನ್ನ ಕತ್ತರಿಗೆ ತಲೆ ಕೊಟ್ಟಿರುವ ಸಭಿಕರೇ,

ನಾನು ಈ ಆಸ್ಪತ್ರೆಯ ಎದುರು ರಸ್ತೆಯ ಕ್ಷೌರಿಕ. ರೋಗಿಗಳ ಪರವಾಗಿ ಎರಡು ಮಾತಾಡಿ ಎಂದರು. ಕ್ಷೌರಿಕನಿಗೆ ಎರಡೇ ಮಾತು ಎಂದರೆ ಕಷ್ಟ, ಪ್ರಯತ್ನಿಸುತ್ತೇನೆ.

ನನ್ನ ಬಲ ಭುಜ ಹಿಡಿದುಕೊಂಡಿತ್ತು. ಕೈ ಎದೆಮಟ್ಟ ದಾಟುತ್ತಿರಲಿಲ್ಲ. ಗಿರಾಕಿಯ ನೆತ್ತಿಗೆ ಕತ್ತರಿ ಏರದಿದ್ದರೆ ಅವನೆಂಥ ಕ್ಷೌರಿಕ? ಮಾತ್ರೆ ನುಂಗಿದೆ, ಮುಲಾಮು ಹಚ್ಚಿದೆ. ಅಂಗಡಿ ಮುಚ್ಚುವ ಮಾತನ್ನೂ ಮಗಳ ಹತ್ತಿರ ಆಡಿಬಿಟ್ಟೆ.

ಕೊನೆಗೆ ಇಲ್ಲಿಗೆ ಬಂದೆ. ಮೇಡಂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ನನ್ನ ಎಡ ಭುಜ ಹಿಡಿದರು.

"ಮೇಡಂ, ಅದಲ್ಲ, ಈ ಕಡೆದು!"

"ಗೊತ್ತು, ಸುಮ್ನಿರಿ. ಚೆನ್ನಾಗಿರೋದು ಹೇಗೆ ಆಡುತ್ತೆ ಅಂತ ಮೊದಲು ನನ್ನ ಕೈಗೆ ತಿಳೀಬೇಕು. ಆಮೇಲೆ ತಾನೆ ಕೆಟ್ಟಿದ್ದರ ಪಂಚಾಯ್ತಿ?"

ಆಮೇಲೆ ಬಲ ಭುಜದ ಕೀಲನ್ನು ಕೂದಲೆಳೆಯಷ್ಟು ಜರುಗಿಸಿ, ನಿಲ್ಲಿಸಿ, ಮತ್ತೆ ಜರುಗಿಸುತ್ತಿದ್ದರು. ನಾನು ಹಲ್ಲು ಕಚ್ಚುವ ಮೊದಲೇ ಅವರ ಬೆರಳು ನಿಲ್ಲುತ್ತಿತ್ತು. ನನ್ನ ನೋವು ಆ ಬೆರಳಿಗೆ ಹೇಗೆ ಗೊತ್ತಾಗುತ್ತಿತ್ತು? ದಿನವಿಡೀ ಊರವರ ತಲೆ ಮುಟ್ಟುವವನು ನಾನು. ನನ್ನವಳು ಹೋದ ಮೇಲೆ ನನ್ನನ್ನು ಮುಟ್ಟಿ "ಇಲ್ಲಿ ನೋಯುತ್ತಾ?" ಎಂದು ಕೇಳಿದವರಿರಲಿಲ್ಲ. ಅದಿರಲಿ, ವಿಷಯಕ್ಕೆ ಬರುತ್ತೇನೆ.

"ನನ್ನ ಕೈ ಸಡಿಲ ಮಾಡುತ್ತೆ ಅಷ್ಟೇ. ನೀವು ಆಡಿಸದಿದ್ರೆ ಮತ್ತೆ ಬಿಗಿಯುತ್ತೆ" ಎಂದು ಗದರುತ್ತಿದ್ದರು. ದಿನವೂ ವ್ಯಾಯಾಮಕ್ಕೆಂದು ಬೆರಳುಗಳನ್ನು ಇಂಚಿಂಚಾಗಿ ಗೋಡೆ ಹತ್ತಿಸಬೇಕಿತ್ತು. ನಾನು ಅಂಗಡಿಯ ಕನ್ನಡಿ ಹತ್ತಿಸಿದೆ.

"ಏನಪ್ಪಾ ಇದು, ಕನ್ನಡಿ ಮೇಲೆ ಹಲ್ಲಿ ಓಡಾಡಿದ ಹಾಗಿದೆ!" ಎಂದಳು ಮಗಳು. ಒರೆಸಲು ಬಿಡಲಿಲ್ಲ. ಒಂದು ದಿನ ಬೆರಳಿನ ಗುರುತು ಕನ್ನಡಿಯ ಮೇಲಂಚು ಮುಟ್ಟಿತು.

ಮೇಡಂ, "ಇನ್ನು ಬರಬೇಡಿ" ಎಂದರು. ವಾಸಿಯಾಯಿತೆಂದರೆ ಮುಖ ಸಪ್ಪಗೆ ಮಾಡಿಕೊಂಡ ರೋಗಿ ನಾನೊಬ್ಬನೇ ಇರಬೇಕು. ಆದರೂ ಮರುವಾರ ಬಂದೆ. "ಭುಜಕ್ಕೇನೂ ಆಗಿಲ್ಲ ರೀ, ಗಿರಾಕಿಗಳು ಕಾಯ್ತಿರ್ತಾರೆ, ಹೋಗಿ" ಎಂದು ಅಟ್ಟಿದರು. ಅಂಗಡಿ ಇವತ್ತಿಗೂ ತೆರೆದಿದೆ.

ನಮ್ಮ ಕೀಲುಗಳನ್ನು ಹಿಡಿದು ಹಿಡಿದು ಮೇಡಂ ಅವರ ಹೆಬ್ಬೆರಳಿನ ಕೀಲು ಸವೆದಿದೆ. ಈಗಷ್ಟೇ ಒಳಗೆ ಬರುವಾಗ ಬಾಗಿಲಲ್ಲಿ ಸಿಕ್ಕರು; ಬಲಗೈಗೆ ಪಟ್ಟಿ ಸುತ್ತಿಕೊಂಡಿದ್ದರು. ನಾನು ಅಂಗೈ ಉಜ್ಜಿಕೊಂಡು ಅವರ ಎಡಗೈ ಹಿಡಿದೆ.

"ಅದಲ್ಲ ರೀ, ನೋಯೋದು ಇದು."

"ಗೊತ್ತು, ಸುಮ್ನಿರಿ" ಎಂದೆ.

ಕೇಳಿದ ನಿಮಗೆಲ್ಲ ವಂದನೆ. ಮೇಡಂ, ಇಗೋ ನೋಡಿ, ಎರಡೂ ಕೈ ತಲೆಯ ಮೇಲಕ್ಕೆತ್ತಿ ಮುಗಿಯುತ್ತಿದ್ದೇನೆ. ನಮಸ್ಕಾರ.