ಸೊಂಟದಿಂದ ಇಳಿಯದ ಮೊಮ್ಮಗ

ಮಕ್ಕಳ ಡಾಕ್ಟರ ಕೋಣೆಯ ಹೊರಗೆ, ಇನ್ನೂ ನಡೆಯದ ಮಗಳನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದು ಉಪನ್ಯಾಸಕಿ ಚಡಪಡಿಸುತ್ತಿದ್ದಳು. ಎದುರಿಗೆ ಯಾರೋ ಅತ್ತೆ ಸೊಸೆ ನಿಂತಿದ್ದರು. ಮೊಮ್ಮಗ ಅತ್ತೆಯ ಸೊಂಟದಲ್ಲಿ.

"ವರ್ಷ ತುಂಬಿ ಮೂರು ತಿಂಗಳಾಯ್ತು ಅತ್ತೆ, ಒಂದು ಹೆಜ್ಜೆ ಇಟ್ಟಿಲ್ಲ."

"ಇಡ್ತಾನೆ, ಸುಮ್ನಿರೇ."

"ನೀವು ಇಳಿಸಿದ್ರೆ ತಾನೇ!"

"ಇಟ್ಟಿದ್ದ ಕಣೇ. ಹೋದ ವಾರ, ನೀನು ಕೆಲಸಕ್ಕೆ ಹೋಗಿದ್ದಾಗ."

"ಅಯ್ಯೋ! ಹೇಳೋದಲ್ವಾ?"

"ಮೊದಲ ಹೆಜ್ಜೆ ನಾನೇ ನೋಡ್ಬೇಕು ಅಂತ ನೀನೇ ಹೇಳ್ತಿದ್ಯಲ್ಲ. ಅದಕ್ಕೇ ಭಾನುವಾರದವರೆಗೆ ಎತ್ಕೊಂಡೇ ಇದ್ದೆ."

"ಭಾನುವಾರ ಯಾಕೆ ಇಳಿಸ್ಲಿಲ್ಲ?"

"ಅವತ್ತೂ ಕೆಲಸಕ್ಕೆ ಹೋದ್ಯಲ್ಲ, ಮಹಾರಾಯ್ತಿ!"

ಸೊಸೆ ತುಟಿ ಕಚ್ಚಿಕೊಂಡಳು. "ಈಗ ಇಳಿಸಿ ಅತ್ತೆ."

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಅತ್ತೆ ಮೊಮ್ಮಗನನ್ನು ಸೊಂಟದಿಂದ ಕೆಳಗಿಳಿಸಿದರು. ಸೊಸೆ ಕೈಚಾಚಿ, ಹಿಂದೆ ಹಿಂದೆ ಸರಿಯುತ್ತ ಬಾಗಿಲು ದಾಟಿದಳು. ಮಗ ತೂರಾಡುತ್ತ ಅವಳತ್ತ ನಡೆದ.

ಉಪನ್ಯಾಸಕಿ ಮಗಳನ್ನು ಮೆಲ್ಲಗೆ ನೆಲಕ್ಕಿಳಿಸಿದಳು.