ಅರ್ಧ ಪಾಸ್‌ವರ್ಡ್

ಸ್ವಲ್ಪ ಹತ್ತಿರ ಬನ್ನಿ... ಇದು ಜೋರಾಗಿ ಹೇಳುವ ಮಾತಲ್ಲ. ನಮ್ಮ ಚಿಕ್ಕಮ್ಮನ ಮಗಳಿಗೇ ಆದದ್ದು, ಫೋಟೋ ಸ್ಟುಡಿಯೋ ಅಕ್ಕನಿಗೆ.

ಆ ರಾತ್ರಿ ಅಕ್ಕ ನಾದಿನಿಯ ಮನೆಯಲ್ಲಿ ಊಟ ಮುಗಿಸಿ ತನ್ನ ಮನೆಗೆ ಹೊರಟಿದ್ದಳು. ಜೊತೆಗೆ ನಾದಿನಿಯೂ ಇದ್ದಳು. ಹಾಳುಬಾವಿಯ ಹತ್ತಿರ ಬಂದಾಗ ರಾಟೆ ಕಿರ್... ಕಿರ್ರ್... ಎಂದಿತು. ಹಗ್ಗವೇ ಇಲ್ಲದ ರಾಟೆ. ಗಾಳಿಯೂ ಇರಲಿಲ್ಲ.

"ಅತ್ತಿಗೆ... ಕೇಳಿಸ್ತಾ?"

"ಹೂಂ."

ಅಷ್ಟೇ. ಬೇರೆ ದಿನವಾಗಿದ್ದರೆ ಅಕ್ಕ ಎದ್ದೆನೋ ಬಿದ್ದೆನೋ ಅಂತ ಓಡುತ್ತಿದ್ದಳು. ಜಿರಲೆ ಕಂಡರೆ ಕುರ್ಚಿ ಹತ್ತುವ ಹೆಂಗಸು ಅದು. ಆದರೆ ಗಂಡ, ಅಂದರೆ ನಮ್ಮ ಭಾವ, ತೀರಿಕೊಂಡಾಗಿನಿಂದ ಅವಳಿಗೆ ಹೆದರಿಕೆಯೂ ಇಲ್ಲ, ಅಳುವೂ ಇಲ್ಲ. ಒಳಗೆಲ್ಲ ಜೋಮು ಹಿಡಿದಿತ್ತು.

ಒಂದೇ ಒಂದು ಸಂಗತಿ ಕೊರೆಯುತ್ತಿತ್ತು. ಭಾವನ ಮುಖ ಮರೆತುಹೋಗುತ್ತಿತ್ತು. ಊರಿಗೆಲ್ಲ ಫೋಟೋ ತೆಗೆದವರದು ಗೋಡೆಯ ಮೇಲೆ ಒಂದೂ ಫೋಟೋ ಇಲ್ಲ! ಗುರುತಿನ ಚೀಟಿಯಲ್ಲಿದ್ದವನು ಯಾರೋ ಮೀಸೆ ಮೂಡದ ಹುಡುಗ. ಉಳಿದದ್ದೆಲ್ಲ ಸ್ಟುಡಿಯೋದ ಕಂಪ್ಯೂಟರಿನೊಳಗೆ, ಬೀಗ ಹಾಕಿದ ಫೋಲ್ಡರಿನಲ್ಲಿ.

ಆ ಬೀಗದ ಪಾಸ್‌ವರ್ಡ್ ಇಬ್ಬರದೂ. ಹಿಂದೊಮ್ಮೆ ಪಕ್ಕದ ಬೀದಿಯ ಸ್ಟುಡಿಯೋದವನು ತನ್ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸಿಕೊಂಡಿದ್ದ, ಪುಣ್ಯಾತ್ಮ. ಯಾರೋ ಅದನ್ನ ನೋಡಿಬಿಟ್ಟರು. ಗಿರಾಕಿಗಳ ಚಿತ್ರಗಳೆಲ್ಲ ಬೀದಿಪಾಲಾದವು. "ಜನ ನಮ್ಮನ್ನ ನಂಬಿ ಮುಖ ಕೊಟ್ಟಿದ್ದಾರೆ ಕಣೇ," ಅಂದರು ಭಾವ. ಅಂದಿನಿಂದ ಮೊದಲರ್ಧ ಅವರದು, ಕೊನೆಯರ್ಧ ಅಕ್ಕನದು. ಎಲ್ಲೂ ಬರೆಯುವಂತಿಲ್ಲ. ಒಬ್ಬರು ಒತ್ತುವಾಗ ಇನ್ನೊಬ್ಬರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. "ಕಟ್ಕೊಂಡ ಹೆಂಡ್ತಿಗೂ ಹೇಳದ ಗುಟ್ಟಾ?" ಅಂತ ಅಕ್ಕ ಮೂತಿ ತಿರುವಿದರೆ, "ನಿನ್ನದೂ ನಂಗೆ ಬೇಡ ಮಹಾರಾಯ್ತಿ," ಅಂತ ನಗುತ್ತಿದ್ದರು.

ಈಗ ಮೊದಲರ್ಧ ಅವರ ಜೊತೆಗೇ ಹೋಗಿತ್ತು. ಅಕ್ಕ ಊಹಿಸಿ ಊಹಿಸಿ ಸೋತಿದ್ದಳು. ಉಳಿದದ್ದು ಒಂದೇ ಅವಕಾಶ. ಅದೂ ತಪ್ಪಿದರೆ ಫೋಲ್ಡರೇ ಅಳಿಸಿಹೋಗುತ್ತದೆ ಎಂದು ಪರದೆ ಎಚ್ಚರಿಸುತ್ತಿತ್ತು.

ಮನೆಗೆ ಬಂದವರು ಮುಂದಿನ ಕೋಣೆಯ ಸ್ಟುಡಿಯೋದಲ್ಲಿ ಕಂಪ್ಯೂಟರ್ ಹಾಕಿದರು.

"ಏನಂತ ಒತ್ತುತ್ತೀರಿ ಅತ್ತಿಗೆ?"

"ಗೊತ್ತಿಲ್ಲ ಕಣೇ."

ಯೋಚಿಸಲೂ ತ್ರಾಣವಿರಲಿಲ್ಲ. ಇಷ್ಟು ವರ್ಷ ಮಾಡಿದ್ದನ್ನೇ ಅಕ್ಕ ಮಾಡಿದಳು. ಎದ್ದು ಗೋಡೆಗೆ ಮುಖ ಮಾಡಿ ನಿಂತಳು. "ನೀನೂ ತಿರುಗು," ಅಂದಳು. ನಾದಿನಿ ತಿರುಗಿದಳು.

ಗರ್‌ರ್... ಕಂಪ್ಯೂಟರಿನ ಫ್ಯಾನು. ಆಮೇಲೆ ಕುರ್ಚಿ ಕಿರುಗುಟ್ಟಿತು, ಯಾರೋ ಭಾರ ಬಿಟ್ಟು ಕೂತ ಹಾಗೆ.

ಟಕ್... ಟಕ್... ಒಂದೇ ಬೆರಳು, ತಡೆದು ತಡೆದು. ಭಾವ ಒತ್ತುತ್ತಿದ್ದದ್ದೇ ಹಾಗೆ. ಟಕ್‌ಟಕ್... ಟಕ್.

ನಿಂತಿತು.

"ಅತ್ತಿಗೆ... ನೀವಾ?"

"ನಾನು ನಿನ್ನ ಪಕ್ಕದಲ್ಲೇ ಇದ್ದೀನಲ್ಲೇ."

ತಿರುಗಿದರೆ ಕುರ್ಚಿ ಖಾಲಿ. ಪರದೆಯ ಮೇಲೆ ಸಾಲಾಗಿ ಕಪ್ಪು ಚುಕ್ಕಿಗಳು.

ನಾದಿನಿ ಅಕ್ಕನ ಕೈ ಹಿಡಿದುಕೊಂಡಳು. "ಬೇಡ... ತಪ್ಪಾದ್ರೆ ಅಣ್ಣನ ಮುಖ ಇನ್ಯಾವತ್ತೂ ಸಿಗಲ್ಲ."

ಅಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡಳು. ನಿಂತೇ ತನ್ನ ಅರ್ಧ ಒತ್ತಿದಳು. ಎಂಟರ್ ಒತ್ತಿದಳು.

ತೆರೆಯಿತು.

ಮೊದಲ ಫೋಟೋದಲ್ಲೇ ಭಾವ ಇದ್ದರು. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಲೆನ್ಸ್ ಒರೆಸುತ್ತಿದ್ದರು. ನಾದಿನಿ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಬಹಳ ಹೊತ್ತು ನೋಡಿದಳು. "ಹೌದು, ಇವರೇ," ಅಂದಳು. ಅಳು ಆಗಲೂ ಬರಲಿಲ್ಲ.

ಪಾಸ್‌ವರ್ಡ್ ಬದಲಾಯಿಸಿಕೋ ಅಂತ ನೆಂಟರೆಲ್ಲ ಬುದ್ಧಿ ಹೇಳಿದರು. ಅಕ್ಕ ಕೇಳಲಿಲ್ಲ. "ಅವರದ್ದು ಅವರ ಹತ್ರಾನೇ ಇರ್ಲಿ," ಅಂದಳು.

ಕಟ್ಟುಕತೆ ಅನ್ನುವವರು ಅನ್ನಲಿ. ನಡೆದದ್ದು ನಡೆದದ್ದೇ, ನಾದಿನಿ ಇನ್ನೂ ಇದ್ದಾಳೆ, ಕೇಳಿ ನೋಡಿ. ಆ ಮೊದಲರ್ಧ ಏನು ಅಂತ ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಫೋಲ್ಡರು ಮಾತ್ರ ದಿನಾ ಬೆಳಿಗ್ಗೆ ತೆರೆಯುತ್ತದೆ.