ದೊರೆ ಮುಂದೆ ಉಗಿದ ಬೀರು

ಕುಣಿಗಲ್ ಬಸ್ ನಿಲ್ದಾಣದಲ್ಲಿ ತುಮಕೂರು ಬಸ್ಸಿಗೆ ಕಾಯುತ್ತಿದ್ದ, ಬಿಳಿ ದೊರೆಯ ಬಂಗಲೆಯ ಮುದಿ ಬಟ್ಲರ್ ಚಿನ್ನಪ್ಪನ ಮೇಲೆ, ಅದೇ ಬಂಗಲೆಯ ಆಳು ಗಂಗಹನುಮ ಜನರೆಲ್ಲ ತಿರುಗಿ ನೋಡುವಂತೆ ಹರಿಹಾಯ್ದ.

“ವಿಸ್ಕಿ ಖಾಲಿಯಾದ ಪೀಪಾಯೀಲಿ ಆರ್ ತಿಂಗ್ಳು ಬೀರು ಮಾಗಿಸ್ದೆ. ದೊರೆ ಮುಂದೆ ಥೂ ಅಂತ ಉಗಿದ್ರಲ್ಲ!”

“ರುಚಿ ನೋಡೋರು ಉಗಿಯೋದೇ ಪದ್ಧತಿ ಕಣ್ಲಾ.”

“ದೊರೆಗಳ ಸೀಮೆಯಿಂದ ಬಂದ ಬೀರು ಮಾತ್ರ ಗಟಗಟ ನುಂಗಿದ್ರಿ. ಆಗ ಎಲ್ಲೋಗಿತ್ತು ಪದ್ಧತಿ? ನಿಮ್ ಒಂದ್ ಉಗುಳಿಗೆ ದೊರೆ ನನ್ನ ಕೆಲ್ಸದಿಂದ್ಲೇ ತೆಗೆದ್ರು!”

ಚಿನ್ನಪ್ಪ ದನಿ ತಗ್ಗಿಸಿದ.

“ನಿಂದೇ ಚೆನ್ನಾಗಿತ್ತು ಕಣ್ಲಾ. ನುಂಗಿದ್ರೆ ನಾಳೆ ನನ್ ಜಾಗಕ್ಕೆ ನೀನೇ ಬರ್ತಿದ್ದೆ.”

“ಹಂಗಾದ್ರೆ ನಡೀರಿ ಬಂಗಲೇಗೆ. ಅದನ್ನೇ ದೊರೆ ಮುಂದೆ ಹೇಳಿ!”

ಅಷ್ಟರಲ್ಲಿ ಅಮೃತೂರು ಬಸ್ಸು ಬಂತು. ತುಮಕೂರಿಗೆ ಹೋಗಬೇಕಿದ್ದ ಚಿನ್ನಪ್ಪ ಎಲ್ಲರನ್ನೂ ತಳ್ಳಿಕೊಂಡು ಅದನ್ನೇ ಹತ್ತಿ ಕೂತ.